ಎರಡನೆಯ ಮುಳುಗು

ಬಚ್ಚಲಮನೆಯಲ್ಲಿ ಜೊತೆಗಾರ ಸಿಳ್ಳೆ ಹಾಕುತ್ತಿದ್ದ. ಸ್ತೋತ್ರದ ರಾಗವೇ, ಆದರೆ ಬೇಕೆಂದಲ್ಲಿ ಎಳೆದು, ಬೇಡದಲ್ಲಿ ಬಳುಕಿಸಿ, ದೇವರೇ ಬಾಗಿಲಾಚೆ ನಿಂತು ತಲೆದೂಗುತ್ತಿದ್ದಾನೆ ಅನ್ನುವ ಭರವಸೆಯಲ್ಲಿ. ಈಚೆ, ಮೇಜಿನ ಮೇಲೆ ಹಾಸಿದ ಹೊದಿಕೆಯ ಮೇಲೆ, ಅವನು ಆ ಜೊತೆಗಾರನ ಬಿಳಿ ಪ್ಯಾಂಟಿಗೆ ಇಸ್ತ್ರಿ ಒತ್ತುತ್ತಿದ್ದ. ಈ ವಾರ ಇಸ್ತ್ರಿಯ ಪಾಳಿ ಅವನದು. ಮಧ್ಯಾಹ್ನದ ಹೊತ್ತಿಗೆ ಸೊಂಟದ ತನಕ ನೀರಿಗಿಳಿಯುವ ಪ್ಯಾಂಟಿಗೆ ಗೆರೆ ಯಾಕೆ ಎಂದು ಕೇಳಬಹುದಿತ್ತು. ಕೇಳಿದ್ದರೆ ಜೊತೆಗಾರ “ಅಯ್ಯೋ ಬಿಡೋ, ಹಾಗೇ ಹಾಕ್ಕೋತೀನಿ” ಎಂದು ನಕ್ಕುಬಿಡುತ್ತಿದ್ದ. ಆ ನಗುವಿನ ಮುಂದೆ ಸಣ್ಣವನಾಗುವುದಕ್ಕಿಂತ ಇದೇ ವಾಸಿ ಎಂದು ಅವನು ಕೈ ಕೊಯ್ದೀತು ಅನ್ನುವಂಥ ಗೆರೆ ಹಾಕಿದ. ಬಟ್ಟೆ ಸುಡುವ ವಾಸನೆ ಸಣ್ಣಗೆ ಮೂಗಿಗೆ ಬಡಿದಾಗ ಪೆಟ್ಟಿಗೆಯನ್ನು ತಟ್ಟನೆ ಎತ್ತಿದನಾದರೂ, ಎತ್ತುವ ಮೊದಲು ಒಂದು ಅರೆಗಳಿಗೆ ಕೈ ತಡೆದಿತ್ತು. ಅದು ಅವನಿಗೇ ಗೊತ್ತಾಯಿತು. ಬಟ್ಟೆಗೆ ಏನೂ ಆಗಿರಲಿಲ್ಲ. ಸಿಳ್ಳೆ ನಿಂತಿತು. ನಿಂತ ಮೇಲೆ, ಈಗ ಯಾವುದರ ಮೇಲೆ ಸಿಟ್ಟಾಗಿರಬೇಕು ಎಂದು ತೋಚದೆ ಅವನು ಪ್ಯಾಂಟನ್ನು ಮಡಚಿಟ್ಟ.

ಇಬ್ಬರ ಅಂಗಿಯ ಮೇಲೂ ಕಪ್ಪು ಪಟ್ಟಿಯಲ್ಲಿ ಬಿಳಿ ಅಕ್ಷರದಲ್ಲಿ ‘ಹಿರಿಯ’ ಎಂದು ಬರೆದಿತ್ತು. ಮೀಸೆ ಸರಿಯಾಗಿ ಕಪ್ಪಾಗದ ಹುಡುಗರನ್ನೂ ಮಾರ್ಮನ್ ಸಭೆಯವರು ಹಾಗೇ ಕರೆದು, ಎರಡು ವರ್ಷದ ಸೇವೆಗೆಂದು, ತಮ್ಮ ಮಾತು ನಡೆಯದ ದೇಶಕ್ಕೆ ಜೋಡಿ ಮಾಡಿ ಕಳಿಸುತ್ತಾರೆ. ಜೋಡಿಯೆಂದರೆ ಜೋಡಿಯೇ. ಒಬ್ಬನ ಕಣ್ಣಳತೆಯಿಂದ ಇನ್ನೊಬ್ಬ ಆಚೆ ಹೋಗುವ ಹಾಗಿಲ್ಲ. ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಬೀದಿಯಲ್ಲಿ ನಡೆದು, ಒಂದೇ ಬಾಗಿಲು ಬಡಿಯಬೇಕು. ಮದುವೆಯಾದವರಿಗಾದರೂ ಆಫೀಸು, ಅಡುಗೆಮನೆ, ತವರುಮನೆ ಅಂತ ಬಿಡುವಿರುತ್ತದೆ. ಇಬ್ಬರ ಮನೆಮಾತೂ ಒಂದೇ. ಇಲ್ಲಿಯ ಭಾಷೆಯನ್ನು ಕಲಿತದ್ದೂ ಒಂದೇ ತರಗತಿಯಲ್ಲಿ. ವ್ಯಾಕರಣ ಅವನಿಗೆ ಹೆಚ್ಚು ಗೊತ್ತು. ಜೊತೆಗಾರನಿಗೆ ತಪ್ಪು ಮಾತಾಡುವುದು ಗೊತ್ತು. ತಪ್ಪು ಮಾತಾಡಿ ತಾನೇ ನಗುತ್ತಾನೆ, ಬಾಗಿಲು ತೆರೆದವರೂ ನಕ್ಕು ತಿದ್ದುತ್ತಾರೆ, ತಿದ್ದುತ್ತ ತಿದ್ದುತ್ತ ಕುರ್ಚಿ ಎಳೆದು ಕೂರಿಸಿರುತ್ತಾರೆ. ಅವನು ಮಾತನ್ನು ತಲೆಯೊಳಗೆ ಜೋಡಿಸಿ, ಉಜ್ಜಿ, ಒರೆಸಿ ಬಾಯಿಗೆ ತರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಮನೆಗೆ ವಾರಕ್ಕೊಂದು ಫೋನು ಮಾಡಬಹುದು. ಕಳೆದ ಸಲ ಅಮ್ಮ ಪರದೆಯೊಳಗಿಂದ ಇವನ ಮುಖವನ್ನು ಒಂದು ಸಲ ನೋಡಿ, ಸಣ್ಣಗಾಗಿದ್ದೀಯ ಅಂದು, ಆಮೇಲೆ ಕತ್ತು ಉದ್ದ ಮಾಡಿ, “ಎಲ್ಲೋ ಅವನು, ನಿನ್ನ ಜೊತೆಗಾರ? ಕೊಡು ಅವನ ಕೈಗೆ” ಅಂದಿದ್ದಳು. ಜೊತೆಗಾರ ಫೋನು ಇಸಿದುಕೊಂಡು “ಅಮ್ಮಾ” ಅಂದ. ಆಂಟಿ ಅನ್ನಬಹುದಿತ್ತು, ಅಮ್ಮಾ ಅಂದ. ಆಗ ಅವಳ ಮುಖ ಅರಳಿದ ರೀತಿ ಅವನಿಗೆ ಗುರುತಿತ್ತು, ಚಿಕ್ಕವನಿದ್ದಾಗ ಜ್ವರ ಬಿಟ್ಟ ಬೆಳಿಗ್ಗೆಗಳಲ್ಲಿ ಕಂಡದ್ದು, ತನ್ನದೆಂದು ತಿಳಿದಿದ್ದದ್ದು. “ನಮ್ಮವನಿಗೂ ಸ್ವಲ್ಪ ನಗೋದು ಕಲಿಸಪ್ಪಾ” ಎಂದು ಅಮ್ಮ ಹೇಳಿದ್ದು ಅವನಿಗೆ ಕೇಳಿಸಿತು. ಕಣ್ಣಳತೆ ಬಿಟ್ಟು ಹೋಗುವ ಹಾಗಿಲ್ಲವಲ್ಲ, ಕೇಳಿಸಲೇಬೇಕು.

“ಗೆರೆ ನೋಡು, ಮದುಮಗನ ಪ್ಯಾಂಟು ಆಗಿಬಿಟ್ಟಿದೆ” ಎಂದು ತಲೆ ಒರೆಸಿಕೊಳ್ಳುತ್ತ ಬಂದ ಜೊತೆಗಾರ ಅಂದ. “ನೀನು ಇಲ್ದಿದ್ರೆ ನನ್ನ ಗತಿ ಏನೋ?”

“ಪಾಳಿ ನಂದು” ಅಂದ ಅವನು.

ಜೊತೆಗಾರ ಹಾಗೆ ಹೇಳುವುದರಲ್ಲಿ ಲೇವಡಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ದ್ವೇಷಿಸುವುದಕ್ಕೆ ಹಿಡಿಯಲು ಒಂದು ಕೊಂಡಿ ಸಿಗುತ್ತಿತ್ತು. ಜೊತೆಗಾರನೋ ಎಲ್ಲ ಕಡೆಯೂ ನುಣ್ಣಗೆ. ಚರ್ಚಿಗೆ ಹೋಗುವ ದಾರಿಯಲ್ಲಿ ಬೇಕರಿಯವನು ಶಟರಿನ ಹಿಂದಿನಿಂದ ಕೈ ಬೀಸಿದ, ಜೊತೆಗಾರನಿಗೆ. ಬಸ್ ನಿಲ್ದಾಣದಲ್ಲಿ ಕಸ ಗುಡಿಸುವಾಕೆ ಮಂಡಿನೋವು ಹೇಗಿದೆಯೆಂದು ವರದಿ ಒಪ್ಪಿಸಿದಳು, ಜೊತೆಗಾರನಿಗೆ. ಅವನು ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದ; ಚೀಲದಲ್ಲಿ ಬಿಳಿ ಬಟ್ಟೆ, ಟವೆಲು, ಸಭೆಗೆ ಹೊಸದಾಗಿ ಸೇರುವ ಹೆಂಗಸಿಗಾಗಿ ಹೊಲಿಸಿದ ಉದ್ದನೆಯ ಬಿಳಿ ನಿಲುವಂಗಿ. ಅವಳಿಗೆ ಇವತ್ತು ದೀಕ್ಷಾಸ್ನಾನ. ಅವಳೆಂದರೆ ಹಲ್ಲಿನಮ್ಮ. ಹಾಗೆಂದು ಹೆಸರಿಟ್ಟವನೂ ಜೊತೆಗಾರನೇ. ಆದರೆ ಅವಳ ಬಾಗಿಲನ್ನು ಬಡಿದವನು ತಾನು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಮರೆತೂ ಇರಲಿಲ್ಲ. ಆ ಸಂಜೆ ಜೊತೆಗಾರ ಕೆಳಗಿನ ಮೆಟ್ಟಿಲ ಮೇಲೆ ಕೂತು, ಕಾಲು ಸತ್ತುಹೋಗಿದೆ, ಮೇಲಿನ ಮಹಡಿ ನಾಳೆ ನೋಡೋಣ ಅಂದಿದ್ದ. ಇವನು ಹತ್ತಿದ್ದ, ಹಟಕ್ಕೆ ಹತ್ತಿದ್ದ, ನಿನಗಿಂತ ನನಗೆ ಶ್ರದ್ಧೆ ಹೆಚ್ಚು ಎಂದು ಆ ಮೆಟ್ಟಿಲುಗಳಿಗಾದರೂ ಗೊತ್ತಾಗಲಿ ಎಂದು. ಅವನನ್ನು ಒಬ್ಬನೇ ಬಿಡಬಾರದೆಂದು ಜೊತೆಗಾರ ಹಿಂದೆಯೇ ಕುಂಟುತ್ತ ಬಂದ. ಬಾಗಿಲು ತೆರೆದದ್ದು ಅಂಗೈಗೆಲ್ಲ ಸುಣ್ಣದಂಥ ಬಿಳಿ ಪುಡಿ ಮೆತ್ತಿಕೊಂಡ ದಪ್ಪ ಹೆಂಗಸು. ಹಿಂದೆ, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಸಾಲಾಗಿ ಗಾರೆಯ ದವಡೆಗಳು. ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆದು ಕಳಿಸುತ್ತಾರೆ, ಅವಳು ಮನೆಯಲ್ಲೇ ಹಲ್ಲಿನ ಸೆಟ್ಟು ಮಾಡಿಕೊಡುತ್ತಾಳೆ. ಅಷ್ಟೊಂದು ಬಾಯಿಗಳು ಒಟ್ಟಿಗೆ ತೆರೆದುಕೊಂಡು ತನ್ನನ್ನು ನೋಡುತ್ತಿರುವಾಗ ಅವನ ನಾಲಗೆ ಕಟ್ಟಿತು. ಹಿಂದಿನಿಂದ ಜೊತೆಗಾರ ತನ್ನ ಹರಕುಮುರುಕು ಭಾಷೆಯಲ್ಲಿ, “ಅಮ್ಮಾ, ಇವರೆಲ್ಲ ನಿಮ್ಮ ಮನೆಯವರಾ? ಎಲ್ಲರಿಗೂ ಹಸಿವಾಗಿರೋ ಹಾಗಿದೆ” ಅಂದ. ಅವಳು ಬಾಗಿಲು ಹಿಡಿದುಕೊಂಡು ನಕ್ಕಳು. ನಗುತ್ತಲೇ ಇಬ್ಬರನ್ನೂ ಒಳಗೆ ಕರೆದಳು.

ಮೊದಲ ದಿನ ಅವಳು ಚಹಾ ಮಾಡಿಕೊಟ್ಟಾಗ, ನಮ್ಮ ಸಭೆಯಲ್ಲಿ ಚಹಾ ಕುಡಿಯುವಂತಿಲ್ಲ ಎಂದು ಅವನು ತಪ್ಪಿಲ್ಲದ ವಾಕ್ಯದಲ್ಲಿ ಹೇಳಿದ. ಅವಳ ಮುಖ ಸಪ್ಪಗಾಯಿತು. “ಇವನಿಗೆ ಬಿಸಿನೀರು ಕೊಡಿ ಅಮ್ಮಾ, ನನಗೆ ಬಿಸಿನೀರಿನ ಜೊತೆ ಸಕ್ಕರೆ ಡಬ್ಬಾನೇ ಕೊಡಿ” ಎಂದ ಜೊತೆಗಾರ. ಅಲ್ಲಿಂದಾಚೆ ವಾರವಾರವೂ ಪಾಠ. ಧರ್ಮಪುಸ್ತಕದಲ್ಲಿ ಅವಳಿಗೆ ತಿಳಿಯದ ಕಡೆಯೆಲ್ಲ ವಿವರಿಸಿದವನು ಇವನು. ಹಿಂದಿನ ಸಂಜೆಯೇ ಕೂತು ಟಿಪ್ಪಣಿ ಮಾಡಿಕೊಂಡು, ಅವಳ ಕೆಲಸಕ್ಕೆ ಹೊಂದುವಂಥ ಹೋಲಿಕೆಗಳನ್ನೆಲ್ಲ ಹುಡುಕಿಕೊಂಡು ಹೋದವನು ಇವನು. ಅವಳು ಇವನ ಮಾತನ್ನು ಕಿವಿಗೊಟ್ಟು ಕೇಳಿ, ತಿಳಿಯಿತೆಂದು ತಲೆಯಾಡಿಸಿ, ಆಮೇಲೆ ಜೊತೆಗಾರನ ಕಡೆ ತಿರುಗಿ ಮುಗುಳುನಗುತ್ತಿದ್ದಳು. ಅಂಗಡಿಯವನ ಕೈಯಿಂದ ಸಾಮಾನು ತೆಗೆದುಕೊಂಡು ಮನೆಯವರ ಕೈಗೆ ಕೊಡುವ ಹಾಗೆ. ದೀಕ್ಷಾಸ್ನಾನದ ನಿಯಮವನ್ನೂ ಇವನೇ ಹೇಳಿದ್ದು. ಇಡೀ ಮೈ ಒಂದೇ ಸಲಕ್ಕೆ ನೀರಿನೊಳಗೆ ಹೋಗಬೇಕು. ಒಂದು ಬೆರಳು, ಒಂದು ಎಳೆ ಕೂದಲು ಮೇಲೆ ಉಳಿದರೂ ಆಗಲಿಲ್ಲವೆಂದೇ ಲೆಕ್ಕ, ಮತ್ತೆ ಮುಳುಗಬೇಕು. ನೋಡಿ ಹೇಳುವುದಕ್ಕೆ ತೊಟ್ಟಿಯ ಎರಡು ಬದಿಯಲ್ಲಿ ಇಬ್ಬರು ಸಾಕ್ಷಿಗಳು ನಿಂತಿರುತ್ತಾರೆ. “ಅಷ್ಟು ದೊಡ್ಡ ದೇವರಿಗೆ ನನ್ನ ಒಂದು ಕಿರುಬೆರಳು ಕಮ್ಮಿಯಾದ್ರೆ ನಡೆಯಲ್ವಾ?” ಎಂದು ಅವಳು ನಕ್ಕರೂ, ನಗು ಅರ್ಧಕ್ಕೇ ನಿಂತಿತು. ಅವಳಿಗೆ ನೀರೆಂದರೆ ಹೆದರಿಕೆ. ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈ ಮೂಗಿನ ಮೇಲೇ ಇರುತ್ತದಂತೆ.

“ಯಾರು ಮುಳುಗಿಸಬೇಕು ಅಂತ ನೀವೇ ಹೇಳಬೇಕು” ಎಂದು ಅವನು ಕೇಳಿದ. ಕೇಳುವಾಗಲೇ ಮುಖವನ್ನು ತಗ್ಗಿಸಿಕೊಂಡು, ಆಯ್ಕೆಯಾದವನು ಹೇಗೆ ವಿನಯದಿಂದಿರಬೇಕೋ ಹಾಗೆ ಸಜ್ಜಾಗಿದ್ದ. ಒಂದು ದೀಕ್ಷಾಸ್ನಾನವನ್ನೂ ಮಾಡಿಸದೆ ಒಂದು ವರ್ಷ ಮುಗಿಯುತ್ತ ಬಂದಿತ್ತು. ಅವಳು ಗಾರೆಯ ಪುಡಿ ಮೆತ್ತಿದ ಬೆರಳನ್ನು ಜೊತೆಗಾರನ ಕಡೆ ತೋರಿಸಿದಳು. “ಇವನು. ಇವನ ಕೈ ಹಿಡಿದ್ರೆ ಹೆದರಿಕೆ ಆಗಲ್ಲ.” ಆಮೇಲೆ, ಇವನ ತಗ್ಗಿದ ಮುಖವನ್ನು ಕಂಡೋ ಏನೋ, “ನೀನು ನೋಡೋ ಕಡೆ ಇರು ಮಗಾ. ನಿನ್ನ ಕಣ್ಣಿಂದ ಏನೂ ತಪ್ಪಿಸಿಕೊಳ್ಳಲ್ಲ” ಅಂದಳು. ಅದು ಹೊಗಳಿಕೆಯೋ, ಮದುವೆಮನೆಯಲ್ಲಿ ಚಪ್ಪಲಿ ಕಾಯಲು ನಿಲ್ಲಿಸಿದ ಹಾಗೋ ಎಂದು ಅವನು ವಾರವಿಡೀ ತೂಗಿ ನೋಡುತ್ತಿದ್ದ.

ಚರ್ಚಿನ ಹಿಂಭಾಗದ ಕೋಣೆಯಲ್ಲಿ ತೊಟ್ಟಿ. ನೆಲವನ್ನು ತಗ್ಗಿಸಿ, ತಿಳಿನೀಲಿ ಹೆಂಚು ಹಾಸಿ, ಇಳಿಯಲು ಮೆಟ್ಟಿಲು ಕಟ್ಟಿ, ಹಿಡಿದುಕೊಳ್ಳಲು ಬದಿಯಿಂದ ತಳದ ತನಕ ಸ್ಟೀಲಿನ ಕಂಬಿ ಕೂರಿಸಿದ್ದರು. ನಲ್ಲಿ ತಿರುಗಿಸಿ, ನೀರು ತುಂಬುವ ತನಕ ಇಬ್ಬರೂ ಅಂಚಿನಲ್ಲಿ ಕೂತರು. ನಲ್ಲಿಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಜೊತೆಗಾರ ನೀರಿಗೆ ಕೈ ಇಳಿಬಿಟ್ಟು, “ತಣ್ಣಗಿದೆ. ಬಿಸಿ ಜಾಸ್ತಿ ಬಿಡೋಣ, ಮೊದಲೇ ಹೆದರಿದ್ದಾಳೆ” ಎಂದು ನಲ್ಲಿ ತಿರುಗಿಸಿದ. ನಿನ್ನೆ ಸಂಜೆ ಕೋಣೆಯಲ್ಲಿ ಅಭ್ಯಾಸ ಮಾಡುವಾಗ, “ನೀನು ಹಲ್ಲಿನಮ್ಮ ಆಗು” ಎಂದು ಇವನನ್ನೇ ನಿಲ್ಲಿಸಿ, ಒಂದು ಕೈಯಲ್ಲಿ ಮಣಿಕಟ್ಟು, ಇನ್ನೊಂದು ಕೈಯನ್ನು ಬೆನ್ನ ಕೆಳಗಿಟ್ಟು, ಹಾಸಿಗೆಯ ಮೇಲೆ ಹಿಂದಕ್ಕೆ ಇಳಿಸಿದ್ದ. ಬೆನ್ನ ಕೆಳಗಿನ ಆ ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೆ ಭಾರ ಬಿಟ್ಟ ಆ ಗಳಿಗೆಯಲ್ಲಿ ಅವನಿಗೆ ಎಷ್ಟು ಹಾಯೆನಿಸಿತೆಂದರೆ, ಅವಳು ಜೊತೆಗಾರನನ್ನು ಆರಿಸಿದ್ದು ಸರಿಯೇ ಎಂದು ಹೊಳೆದು, ಹೊಳೆದದ್ದಕ್ಕೇ ಮೈಯೆಲ್ಲ ಉರಿದು, “ಸಾಕು ಬಿಡು, ಹೊಟ್ಟೆ ಹಿಡ್ಕೋತಿದೆ” ಎಂದು ಎದ್ದುಬಿಟ್ಟಿದ್ದ. ಈಗ ಕಣ್ಣು ಮುಚ್ಚಿ ಅವನು ಪ್ರಾರ್ಥನೆ ಮಾಡಿದ. ತಂದೆಯೇ, ಈ ಕಿಚ್ಚನ್ನು ನನ್ನೊಳಗಿಂದ ತೆಗೆ. ಇವತ್ತು ಎಲ್ಲವೂ ಸರಿಯಾಗಿ ನಡೆಯುವಂತೆ ಮಾಡು. ಒಂದು ಬೆರಳೂ ಮೇಲೆ ಬರದಂತೆ ಮಾಡು. ಪ್ರಾರ್ಥನೆಯೊಳಗೆ ಬೆರಳು ಬಂದದ್ದೇ ತಡ, ಮುಚ್ಚಿದ ಕಣ್ಣಿನ ಹಿಂದೆ ಅದು ನೀರಿನಿಂದ ಮೇಲೆದ್ದಿತು, ಬೆಳ್ಳಗೆ, ಉಬ್ಬಿ, ಹೆಬ್ಬೆರಳು. ಅದನ್ನು ಒಳಗೆ ತಳ್ಳಿದಷ್ಟೂ ಮೇಲೆ ಬಂತು. ಆಮೆನ್ ಅಂದು ಕಣ್ಣು ತೆರೆದಾಗ ನೀರು ಅರ್ಧ ತುಂಬಿತ್ತು.

ಜನ ಹೆಚ್ಚಿರಲಿಲ್ಲ. ಸಭೆ ನಡೆಸುವ ಯಜಮಾನರು ಬಂದರು. ವಾರದ ದಿನಗಳಲ್ಲಿ ಅವರು ಲಾರಿ ರಿಪೇರಿಯ ಶೆಡ್ಡು ನಡೆಸುತ್ತಾರೆ, ಉಗುರಿನ ಕಪ್ಪು ಭಾನುವಾರಕ್ಕೂ ಹೋಗಿರುವುದಿಲ್ಲ. ಅವನ ಜೊತೆ ಇನ್ನೊಬ್ಬ ಸಾಕ್ಷಿ ಅವರೇ. ಹಾಡು ಹೇಳುವ ಹೆಂಗಸರ ಒಂದು ಗುಂಪು ಬಂತು. ಹಲ್ಲಿನಮ್ಮನ ಜೊತೆಗೆ ಅವಳ ತಂಗಿ. ಈ ದೇವರು ಗೀವರೆಲ್ಲ ತನಗೆ ಸೇರುವುದಿಲ್ಲವೆಂದು ಮುಖದಲ್ಲೇ ಬರೆದುಕೊಂಡು ಬಂದಿದ್ದಳು.

“ಈ ವಯಸ್ಸಲ್ಲಿ ಅಕ್ಕನಿಗೆ ಈಜು ಕಲಿಸ್ತಿದ್ದೀರೇನಪ್ಪಾ?” ಎಂದು ತಂಗಿ ಕೇಳಿದಳು.

“ಈಜು ಬರೋರಿಗೆ ಫೀಸಿದೆ. ಮುಳುಗೋರಿಗೆ ಪುಕ್ಕಟೆ” ಎಂದ ಜೊತೆಗಾರ. ತಂಗಿಯೂ ನಕ್ಕುಬಿಟ್ಟಳು. ಅವಳನ್ನೂ ಗೆದ್ದ ಎಂದುಕೊಂಡ ಅವನು, ಟವೆಲುಗಳನ್ನು ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತ.

ಹಲ್ಲಿನಮ್ಮ ಬಿಳಿ ನಿಲುವಂಗಿಯಲ್ಲಿ ಬೇರೆ ಯಾರೋ ಆಗಿದ್ದಳು. ಕೂದಲನ್ನು ಬಿಗಿಯಾಗಿ ಹೆಣೆದಿದ್ದಳು, ಒಂದು ಎಳೆಯೂ ತೇಲಬಾರದೆಂದು. ಮೆಟ್ಟಿಲ ತುದಿಯಲ್ಲಿ ನಿಂತು ನೀರನ್ನು ನೋಡಿದವಳು, “ಆಳ ಇದೆ” ಅಂದಳು. ಜೊತೆಗಾರ ಆಗಲೇ ಸೊಂಟದವರೆಗಿನ ನೀರಿನಲ್ಲಿ ನಿಂತು ಎರಡೂ ಕೈ ಚಾಚಿದ್ದ. ಅವಳು ಒಂದೊಂದೇ ಮೆಟ್ಟಿಲು ಇಳಿದಳು. ಅವಳ ಕೈ ಆ ಕೈಗೆ ಸೇರುವುದನ್ನೂ, ಸೇರಿದೊಡನೆ ಭುಜ ಸಡಿಲವಾಗುವುದನ್ನೂ ಅವನು ನೋಡಿದ. ನೋಡುವುದೇ ತನ್ನ ಕೆಲಸ. ಯಜಮಾನರು ಆ ಬದಿ, ಅವನು ಈ ಬದಿ, ತೊಟ್ಟಿಯ ಅಂಚಿಗೆ ಕಾಲ್ಬೆರಳು ತಾಗುವ ಹಾಗೆ ನಿಂತಿದ್ದರು. ಜೊತೆಗಾರ ಬಲಗೈ ಎತ್ತಿ, ಹೇಳಬೇಕಾದ ಮಾತುಗಳನ್ನು ಒಂದಕ್ಷರ ತಪ್ಪದೆ ಹೇಳಿದ. ಯಾವತ್ತೂ ಹರಕು ಮಾತಾಡುವವನು ಇವತ್ತು ಒಂದಕ್ಷರ ತಪ್ಪಲಿಲ್ಲ. ಅವಳು ಮೂಗು ಹಿಡಿದುಕೊಂಡಳು. ಹಿಂದಕ್ಕೆ ಹೋದಳು. ನೀರು ಅವಳ ಮುಖದ ಮೇಲೆ ಮುಚ್ಚಿಕೊಂಡಿತು, ಹೊಟ್ಟೆಯ ಮೇಲೆ ಮುಚ್ಚಿಕೊಂಡಿತು, ಮಂಡಿಯ ಮೇಲೆ. ಅವನ ಕಣ್ಣು ಅವಳ ಮೈಯುದ್ದಕ್ಕೂ ಕಾಲಿನ ಕಡೆಗೆ ಓಡಿತು, ಅಲ್ಲಿ ಏನೋ ಇದೆಯೆಂದು ಮೊದಲೇ ಗೊತ್ತಿದ್ದವನ ಹಾಗೆ. ನೀರಿನ ಮೇಲೆ ಬೆಳ್ಳಗಿನದೇನೋ ಮಿನುಗಿತು. ಮಿನುಗಿ ಹೋಯಿತು. ಮೇಲಿನ ಟ್ಯೂಬ್‌ಲೈಟು ಕೂಡ ನೀರಿನಲ್ಲಿ ಮಿನುಗುತ್ತಿತ್ತು. ಅವಳು ಎದ್ದು ನಿಂತು, ಮುಖ ಒರೆಸಿಕೊಂಡು, ಆಯಿತಲ್ಲ, ಸಾಯಲಿಲ್ಲವಲ್ಲ ಎಂಬ ಆಶ್ಚರ್ಯದಲ್ಲಿ ಬಾಯಿ ತೆರೆದು ಸುತ್ತ ನೋಡಿದಳು. ಹಾಡುವ ಹೆಂಗಸರಲ್ಲಿ ಯಾರೋ ಮೂಗು ಸೆಳೆದರು. ಯಜಮಾನರು ಸರಿ ಎಂದು ತಲೆಯಾಡಿಸಿ ಇವನ ಕಡೆ ನೋಡಿದರು.

ಎಲ್ಲರೂ ಇವನ ಕಡೆ ನೋಡಿದರು. ಇಷ್ಟು ದಿನದಲ್ಲಿ, ಒಂದು ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಇವನನ್ನೇ ನೋಡುತ್ತಿದ್ದುದು ಇದೇ ಮೊದಲು. ಕಂಡಿತೋ ಇಲ್ಲವೋ? ಕಂಡಿತು. ಕಂಡದ್ದನ್ನು ಹೇಳದಿದ್ದರೆ ಅವಳ ದೀಕ್ಷೆ ಆಗಿಯೂ ಆಗದ ಹಾಗೆ, ಹೇಳುವುದು ಧರ್ಮ. ಆದರೆ ಕಿಚ್ಚಿಲ್ಲದವನಿಗೂ ಅದು ಕಾಣುತ್ತಿತ್ತೇ? ಕಿಚ್ಚಿದೆಯೆಂಬ ಕಾರಣಕ್ಕೆ ಕಂಡದ್ದನ್ನು ನುಂಗಿದರೆ ಅದೂ ಸುಳ್ಳೇ ಅಲ್ಲವೇ? ನೀರಿನಲ್ಲಿ ನಿಂತ ಜೊತೆಗಾರ, ಅಂಗಿ ಮೈಗಂಟಿಕೊಂಡು, ಒಂದಿಷ್ಟೂ ಅಳುಕಿಲ್ಲದೆ ಇವನನ್ನು ನೋಡಿ ನಗುತ್ತಿದ್ದ. ನೀನಿದ್ದೀಯಲ್ಲ, ಇನ್ನೇನು, ಎಂಬ ನಗು.

“ಇಲ್ಲ” ಅಂದ ಅವನು. “ಕಾಲು ಮೇಲೆ ಬಂತು. ಹೆಬ್ಬೆರಳು.”

ನಗು ಹೋಯಿತು. ಅದು ಹೋಗುವುದನ್ನು, ಕೆನ್ನೆಯಿಂದ ಮೊದಲು, ಆಮೇಲೆ ಕಣ್ಣಿನಿಂದ, ಅವನು ಪೂರ್ತಿ ನೋಡಿದ. ಹೊಟ್ಟೆಯೊಳಗೆ ಬೆಚ್ಚಗಾಯಿತು. “ನಾನು… ಸರಿಯಾಗಿ ಹಿಡ್ಕೊಳ್ಳಲಿಲ್ಲ ಅನ್ಸುತ್ತೆ” ಎಂದು ಜೊತೆಗಾರ ತಡವರಿಸಿ, ಹಲ್ಲಿನಮ್ಮನ ಕಡೆ ತಿರುಗಿ, “ಅಮ್ಮಾ, ಕ್ಷಮಿಸಿ. ಇನ್ನೊಂದು ಸಲ” ಅಂದ. “ಬೆರಳಿಗೋಸ್ಕರ ಮತ್ತೆ ಮುಳುಗಿಸ್ತಾರಾ?” ಎಂದು ಹಿಂದಿನಿಂದ ತಂಗಿಯ ದನಿ. ಹಲ್ಲಿನಮ್ಮ ಕೆಳಗಿನಿಂದ, ಒದ್ದೆ ರೆಪ್ಪೆಗಳ ನಡುವಿನಿಂದ ಇವನ ಮುಖವನ್ನು ನೋಡಿದಳು. ಒಂದು ಅಚ್ಚನ್ನು ಬೆಳಕಿಗೆ ಹಿಡಿದು ನೋಡುವಷ್ಟು ಹೊತ್ತು. ಆಮೇಲೆ, “ಸರಿ” ಅಂದಳು. ಎರಡನೆಯ ಸಲ ಜೊತೆಗಾರನ ಕೈ ನಡುಗುತ್ತಿತ್ತು. ಮಾತುಗಳಲ್ಲಿ ಒಂದು ಕಡೆ ತಡೆದ. ಬೆರಳು ಮೇಲೆ ಬರಬಾರದೆಂದು ಅವಳನ್ನು ಬೇಕಾದುದಕ್ಕಿಂತ ಆಳಕ್ಕೆ ಒತ್ತಿದ. ಅವಳ ಮೂಗಿನ ಮೇಲಿನ ಕೈ ಜಾರಿತು, ನೀರಿನೊಳಗಿಂದ ಗುಳ್ಳೆಗಳೆದ್ದವು. ಎದ್ದಾಗ ಉಸಿರು ಸಿಕ್ಕದೆ ಜೊತೆಗಾರನ ಕತ್ತು ಹಿಡಿದು ಜೋತುಬಿದ್ದು ಕೆಮ್ಮಿದಳು, ಕೆಮ್ಮಿ ಕೆಮ್ಮಿ ನೀರು ಕಾರಿದಳು. ಈ ಸಲ ಯಜಮಾನರೂ ಇವನೂ ಒಟ್ಟಿಗೆ ತಲೆಯಾಡಿಸಿದರು.

ಹೊರಗಿನ ಹಜಾರದಲ್ಲಿ ಬಿಸ್ಕತ್ತು, ಹಣ್ಣಿನ ರಸ. ಯಜಮಾನರು ಅವನ ಭುಜ ಹಿಡಿದು, “ಎಷ್ಟೋ ಜನ ಮುಖದಾಕ್ಷಿಣ್ಯಕ್ಕೆ ಸುಮ್ಮನಿದ್ದುಬಿಡ್ತಾರೆ. ಸಾಕ್ಷಿ ಅಂದ್ರೆ ಹೀಗಿರಬೇಕು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹಾಡುವ ಹೆಂಗಸರು ಅವನನ್ನು ಹೊಸದಾಗಿ ನೋಡಿದರು. ಒಬ್ಬಾಕೆ ಒಂದು ಬಿಸ್ಕತ್ತು ಹೆಚ್ಚಿಗೆ ಇಟ್ಟಳು. ಬೇಕಾದದ್ದೆಲ್ಲ ತಟ್ಟೆಯಲ್ಲಿತ್ತು, ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟ. ತೊಟ್ಟಿಯ ನೀರು ಬಿಟ್ಟು ನೆಲ ಒರೆಸಬೇಕೆಂಬ ನೆವ ಹೇಳಿ ಅವನು ಹಿಂದಿನ ಕೋಣೆಗೆ ಬಂದ. ಪಕ್ಕದ ಕಿರುಕೋಣೆಯಲ್ಲಿ ಜೊತೆಗಾರ ಬಟ್ಟೆ ಬದಲಿಸುತ್ತಿದ್ದ. ಸಿಳ್ಳೆ ಇರಲಿಲ್ಲ.

ನೀರು ಗೊಳಗೊಳ ಸದ್ದು ಮಾಡುತ್ತ ಇಳಿಯುತ್ತಿತ್ತು. ಹಲ್ಲಿನಮ್ಮ ತನ್ನ ಮಾಮೂಲಿ ಬಟ್ಟೆಯಲ್ಲಿ, ಒದ್ದೆ ಜಡೆಗೆ ಟವೆಲು ಸುತ್ತಿಕೊಂಡು ಒಳಗೆ ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಕಣ್ಣು ಇನ್ನೂ ಕೆಂಪಗಿತ್ತು.

“ಒಂದು ಮಾತು ಕೇಳ್ಲಾ ಮಗಾ?”

“ಕೇಳಿ.”

“ಯಾವ ಕಾಲು?”

ಅವನು ನೆಲ ಒರೆಸುವ ಕೋಲನ್ನು ಬಿಗಿಯಾಗಿ ಹಿಡಿದುಕೊಂಡ. “ಬಲಗಾಲು.”

ಅವಳು ಚಪ್ಪಲಿಯಿಂದ ಬಲಗಾಲನ್ನು ಎಳೆದು ಮುಂದೆ ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ ಅಡ್ಡಲಾಗಿ ಕೆಂಪು ಬರೆ ಎದ್ದಿತ್ತು. “ಆ ಕಂಬಿ ಇದೆಯಲ್ಲ, ತಳದಲ್ಲಿ, ಅದರ ಕೆಳಗೆ ಸಿಗಿಸಿಕೊಂಡಿದ್ದೆ. ಹೆದರಿಕೆಗೆ. ಮೇಲಿಂದ ಎಡಗಾಲನ್ನೂ ಒತ್ತಿ ಇಟ್ಟಿದ್ದೆ. ಭೂಕಂಪ ಆದ್ರೂ ಅದು ಮೇಲೆ ಬರ್ತಿರಲಿಲ್ಲ.” ದನಿಯಲ್ಲಿ ಆಪಾದನೆ ಇರಲಿಲ್ಲ. ಹವಾಮಾನ ಹೇಳಿದ ಹಾಗಿತ್ತು.

ಅವನು, ಆಗ ಮಿನುಗಿದ್ದು ಟ್ಯೂಬ್‌ಲೈಟು ಎಂದು ಹೇಳಬೇಕೆಂದಿದ್ದ. ಬೆಳಕು ಎಂಬ ಪದಕ್ಕೆ ಇಲ್ಲಿಯ ಭಾಷೆಯಲ್ಲಿ ಏನೆನ್ನುತ್ತಾರೆ ಎಂಬುದೇ ಹೊಳೆಯಲಿಲ್ಲ. “ಮತ್ತೆ ಆಗ್ಲೇ ಯಾಕೆ ಹೇಳಲಿಲ್ಲ?” ಎಂದಷ್ಟೇ ಕೇಳಿದ.

“ಅಷ್ಟು ಜನರ ಮುಂದೆ ನಿನ್ನ ಮಾತು ಸುಳ್ಳು ಅನ್ಲಾ? ನಿನ್ನ ಮುಖ ನೋಡ್ದೆ. ಮಗು ಏನೋ ಕೇಳ್ತಿದೆ, ಏನು ಅಂತ ಹೇಳೋಕೆ ಬರ್ತಿಲ್ಲ, ಹಾಗಿತ್ತು. ಹೋಗ್ಲಿ, ಇನ್ನೊಂದ್ಸಲ ಮುಳುಗಿದ್ರೆ ಗಂಟೇನು ಹೋಗುತ್ತೆ ಅಂದ್ಕೊಂಡೆ.” ಕೆಮ್ಮು ಬಂತು, ಎದೆ ನೀವಿಕೊಂಡಳು. “ಮೊದಲ್ನೇದು ದೇವರಿಗೆ. ಎರಡನೇದು ನಿನಗೆ ಅಂತಿಟ್ಕೋ.”

ಎರಡನೆಯದು ನಿನಗೆ. ಕುಸಿದು ಕೂರಬೇಕಾದ ಜಾಗದಲ್ಲಿ ಅವನೊಳಗೆ, ನಾಚಿಕೆಗೆಟ್ಟು, ಏನೋ ಎದ್ದು ನಿಂತಿತು. ಉಸಿರು ಕಟ್ಟುವ ನೀರಿಗೆ ಅವಳು ಎರಡನೆಯ ಸಲ ಹೋದದ್ದು ತನಗಾಗಿ. ಜೊತೆಗಾರನಿಗಾಗಿ ಅವಳು ನಕ್ಕಿರಬಹುದು, ಸಕ್ಕರೆ ಡಬ್ಬ ಕೊಟ್ಟಿರಬಹುದು, ಇಂಥದನ್ನು ಮಾಡಿರಲಿಲ್ಲ. ಇದು ತನ್ನದು, ತನ್ನೊಬ್ಬನದು. ಸುಳ್ಳಿಗೆ ಸಿಕ್ಕ ಕೂಲಿಯಾದರೂ ತನ್ನದು. ಅವಳು ಕುರ್ಚಿಯ ಕೈ ಹಿಡಿದು ಏಳುತ್ತ, ಕಿರುಕೋಣೆಯ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. “ಆ ಹುಡುಗನಿಗೆ ಮಾತ್ರ ಹೇಳ್ಬೇಡ. ಅವನ ಮನಸ್ಸು ಮೆತ್ತಗೆ. ತಡ್ಕೊಳ್ಳಲ್ಲ, ಪಾಪ. ನೀನಾದ್ರೆ ತಡ್ಕೋತೀಯ.”

ಅವಳು ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ತೊಟ್ಟಿಯ ತಳ ಕಾಣತೊಡಗಿತ್ತು. ಎದ್ದು ನಿಂತದ್ದು ಎಷ್ಟು ಬೇಗ ಮಲಗಿತು. ಇಲ್ಲಿಯೂ, ಈ ಗುಟ್ಟಿನೊಳಗೂ, ಕಾಪಾಡಿಸಿಕೊಳ್ಳುವವನು ಜೊತೆಗಾರನೇ, ಹೊರಬೇಕಾದವನು ತಾನು. ಕಿರುಕೋಣೆಯ ಬಾಗಿಲು ತೆರೆಯಿತು. ಜೊತೆಗಾರ ಒದ್ದೆ ಬಟ್ಟೆಯನ್ನು ಹಿಂಡದೆ ಹಾಗೇ ಹಿಡಿದುಕೊಂಡು ಬಂದಿದ್ದ. ಗೆರೆ ಹೋದ ಪ್ಯಾಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೆಟ್ಟಿಲ ಮೇಲೆ ಕೂತು, ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಬೆನ್ನ ಕೆಳಗೆ ಕೈ ಎತ್ತರಕ್ಕೆ ಇಟ್ಟೆ ಅನ್ಸುತ್ತೆ ಕಣೋ. ಅದಕ್ಕೇ ಕಾಲು ತೇಲಿದ್ದು. ನಿನ್ನ ಜೊತೆ ಮಾಡಿದಾಗ ಸರಿ ಇತ್ತಲ್ವಾ? ಅವಳು ನನ್ನ ನಂಬಿ ಇಳಿದಿದ್ಲು.” ಆ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, “ಮುಂದೆ ಯಾರಾದ್ರೂ ಸಿಕ್ಕಿದ್ರೆ ನೀನೇ ಇಳಿ. ನನ್ನ ಕೈಲಿ ಆಗಲ್ಲ.”

ಇದನ್ನೇ ಅಲ್ಲವೇ ಅವನು ಬೇಡಿದ್ದು, ಬೇರೆ ಬೇರೆ ಮಾತಿನಲ್ಲಿ, ಮಂಡಿಯೂರಿ? ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದಕ್ಕೆ ಈಗ ಅವಳ ಅಪ್ಪಣೆಯೂ ಇತ್ತು. ಆದರೆ ಜೊತೆಗಾರ ಆ ಕೈಯನ್ನು, ನಿನ್ನೆ ತನ್ನ ಭಾರವನ್ನೆಲ್ಲ ಹೊತ್ತಿದ್ದ ಕೈಯನ್ನು, ಮುರಿದ ಸಾಮಾನಿನ ಹಾಗೆ ನೋಡುತ್ತಿದ್ದುದನ್ನು ನೋಡಲಾಗಲಿಲ್ಲ. ಅಥವಾ ಅವಳು ಜೊತೆಗಾರನನ್ನು ಕಾಪಾಡಿದ್ದನ್ನು ಸಹಿಸಲಾಗಲಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯುವ ಮೊದಲೇ ಬಾಯಿ ತೆರೆದಿತ್ತು.

“ನೀನು ಸರಿಯಾಗೇ ಹಿಡಿದಿದ್ದೆ. ಕಾಲು ಮೇಲೆ ಬರಲೇ ಇಲ್ಲ.”

“ಅಂದ್ರೆ?”

“ನಾನು ಸುಳ್ಳು ಹೇಳ್ದೆ.”

ಜೊತೆಗಾರ ನಗಲು ಹೊರಟು, ಇವನ ಮುಖ ನೋಡಿ ನಿಲ್ಲಿಸಿದ. “ಯಾಕೋ?”

“ನಿನ್ನ ಮೇಲೆ ಹೊಟ್ಟೆಕಿಚ್ಚು.”

“ನನ್ನ ಮೇಲಾ?” ನಿಜಕ್ಕೂ ಅರ್ಥವಾಗದ ಮುಖ. “ನನ್ನ ಹತ್ರ ಏನಿದೆ ಅಂತ?”

ಅವನು ಹೇಳಹೊರಟ. ಬೇಕರಿಯವನು ಕೈ ಬೀಸುವುದು, ಸಿಳ್ಳೆ, ಫೋನಿನಲ್ಲಿ ಅಮ್ಮ. ತಿಂಗಳುಗಳ ಕಾಲ ನಿದ್ದೆಗೆಡಿಸಿದ್ದೆಲ್ಲ ಮನೆಮಾತಿನಲ್ಲಿ, ತಪ್ಪಿಲ್ಲದ ವ್ಯಾಕರಣದಲ್ಲಿ ಹೊರಬಂದಾಗ ಎಷ್ಟು ಚಿಲ್ಲರೆಯಾಗಿ ಕಂಡಿತೆಂದರೆ, ಅರ್ಧಕ್ಕೇ ಮಾತು ನಿಲ್ಲಿಸಿದ. ಈಗ ಜೊತೆಗಾರ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು ಕ್ಷಮಿಸಿಬಿಡುತ್ತಾನೆ, ಅದನ್ನೂ ನುಣ್ಣಗೆ ಮಾಡುತ್ತಾನೆ ಎಂದು ಅವನು ಹಲ್ಲು ಕಚ್ಚಿ ನಿಂತ.

ಜೊತೆಗಾರ ಏಳಲಿಲ್ಲ. ಒದ್ದೆ ಬಟ್ಟೆ ಅವನ ಕೈಯಿಂದ ಮೆಟ್ಟಿಲ ಮೇಲೆ ಬಿತ್ತು.

“ಅವಳು ನೀರು ಕುಡಿದ್ಲು” ಅಂದ. ದನಿ ಯಾರದೋ ಆಗಿತ್ತು. “ನೀರೊಳಗೆ ಉಸಿರಿಗೆ ಒದ್ದಾಡ್ತಿದ್ಲು. ನನ್ನ ಕೈಗೆ ಗೊತ್ತಾಗ್ತಿತ್ತು. ಆದ್ರೂ ನಾನು ಒತ್ತಿ ಹಿಡಿದೆ, ಬೆರಳು ಬರಬಾರದು ಅಂತ. ನೀನು ಮೇಲೆ ನಿಂತು ನೋಡ್ತಿದ್ದೆ.”

“ನಾನು…”

“ನನಗೆ ಏನು ಬೇಕಾದ್ರೂ ಮಾಡ್ಕೋ. ಅವಳು ಏನು ಮಾಡಿದ್ಲೋ ನಿನಗೆ?”

ಆ ಮುಖದಲ್ಲಿ ತನಗಾಗಿ ಏನಾದರೂ ಇದೆಯೇ ಎಂದು ಅವನು ಹುಡುಕಿದ. ಬೈದರೂ ಆಗುತ್ತಿತ್ತು, ನನಗೆ ಹೀಗೆ ಮಾಡಿದೆಯಾ ಎಂದು ಒಂದು ಸಲ ಅಂದಿದ್ದರೂ ಆಗುತ್ತಿತ್ತು. ಅಲ್ಲಿ ಇವನ ಹೆಸರಿಲ್ಲ, ಜೊತೆಗಾರನ ಅವಮಾನವೂ ಇಲ್ಲ. ಇದ್ದದ್ದು ಬರೀ ಅವಳು, ಅವಳ ಕಟ್ಟಿದ ಉಸಿರು. ಅದಕ್ಕಾಗಿ ಇಡೀ ಮೈ ನಡುಗುವಷ್ಟು ಸಿಟ್ಟು. ಅವಳ ಬಾಗಿಲು ಬಡಿದವನು ತಾನು. ಪಾಠ ಹೇಳಿದವನು, ಅವಳ ಕಾಲಿನ ಕೆಂಪು ಬರೆಯನ್ನು ಕಣ್ಣಾರೆ ಕಂಡವನು ತಾನು. ಈ ಸಿಟ್ಟು ಮೊದಲು ತನಗೆ ಬರಬೇಕಾಗಿತ್ತು. ಅವನು ಎದೆಯೊಳಗೆ ಕೈ ಹಾಕಿದ ಹಾಗೆ ತಡಕಾಡಿದ, ಎಲ್ಲಾದರೂ ಒಂದು ಚೂರು ಇದ್ದೀತೆಂದು. ತಡಕಾಡುತ್ತಲೇ, ತನಗಿಲ್ಲದ ಅದನ್ನು ಎದುರಿನವನ ಮುಖದ ಮೇಲೆ ರೆಪ್ಪೆ ಮಿಟುಕಿಸದೆ ನೋಡುತ್ತ ನಿಂತ.